ಹಾರ್ಡ್ ಡಿಸ್ಕ್ ಕೊಳ್ಳುವ ಮುಂಚೆ ಒಂದು ತಾಳಮದ್ದಳೆ

ಹೋದ ಆಷಾಢದಲ್ಲಿ ಊರಿಗೆ ಹೋದವನು ಶಿರಸಿ ಪೇಟೆಯ ಒಂದು ಕಂಪ್ಯೂಟರ್ ಅಂಗಡಿಗೆ ಹೊಕ್ಕು "ಒಂದು ದೊಡ್ಡ ಹಾರ್ಡ್ ಡಿಸ್ಕ್ ಬೇಕಿತ್ತು" ಅಂದೆ. "ಎಷ್ಟು ದೊಡ್ಡದು ಸರ್? 4 ಟಿಬಿನಾ, 8 ಟಿಬಿನಾ?" ಅಂದ ಕೌಂಟರಿನ ಹುಡುಗ. ಹತ್ತು ಹನ್ನೆರಡು ವರ್ಷದಿಂದ ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವ ನನಗೆ ಉತ್ತರ ಬರಲಿಲ್ಲ. ಆಮೇಲೆ ಬರ್ತೀನಿ ಅಂತ ಹೇಳಿ, ಬಸ್‌ಸ್ಟ್ಯಾಂಡಿಗೆ ಬಂದು ಸಿದ್ದಾಪುರದ ಬಸ್ಸು ಹತ್ತಿದೆ. ಕಿಟಕಿಯ ಹೊರಗೆ ಮಳೆ. ತೊಡೆಯ ಮೇಲಿನ ಬ್ಯಾಗಿನಲ್ಲಿ ಸತ್ತುಹೋದ ಹಳೆಯ ಡಿಸ್ಕು. ಅದನ್ನು ಯಾಕೆ ಇನ್ನೂ ಹೊತ್ತು ತಿರುಗುತ್ತೇನೆ ಅನ್ನೋದನ್ನು ಹೇಳಿಬಿಡುತ್ತೇನೆ, ಆಮೇಲೆ ಟಿಬಿ ಲೆಕ್ಕಕ್ಕೆ ಬರೋಣ.

ನಮ್ಮ ಮನೆಯ ನಾಗಂದಿಗೆಯ ಮೇಲೆ ಬಿಸ್ಕಿಟ್ ಡಬ್ಬಿಗಳಲ್ಲಿ 210 ಕ್ಯಾಸೆಟ್ಟುಗಳಿವೆ. ಅಪ್ಪಯ್ಯ ಟೇಪ್ ರೆಕಾರ್ಡರ್ ಹೊತ್ತುಕೊಂಡು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲ್ಲೂಕು ತಿರುಗಿ ಹಿಡಿದು ತಂದ ಆಟ, ತಾಳಮದ್ದಳೆಗಳು. ಅದರಲ್ಲಿ ಒಂದು, 1991ರ ಶ್ರಾವಣದಲ್ಲಿ ನಮ್ಮ ಪಕ್ಕದೂರಿನ ಮನೆಯೊಂದರ ಜಗಲಿಯಲ್ಲಿ ಆದ 'ವಾಲಿ ವಧೆ' ತಾಳಮದ್ದಳೆ. ವಾಲಿ ಹೇಳಿದ್ದು ನಮ್ಮ ಅಜ್ಜ. ಅಜ್ಜ ಹೆಸರಾದ ಅರ್ಥಧಾರಿಯೇನಲ್ಲ. ಹಗಲು ತೋಟ, ರಾತ್ರಿ ಅರ್ಥ, ಅಷ್ಟೇ. ಅಜ್ಜನ ಧ್ವನಿ ಅಂತ ಇದ್ದದ್ದು ಅದೊಂದೇ ಕ್ಯಾಸೆಟ್ಟು.

2011ರಲ್ಲಿ ಬಿಇ ಮುಗಿಸಿ ಕೆಲಸಕ್ಕೆ ಸೇರಿ, ನಾಲ್ಕು ಕಾಸು ಕೈಗೆ ಬಂದಮೇಲೆ, ಇವನ್ನೆಲ್ಲ ಕಂಪ್ಯೂಟರಿಗೆ ಇಳಿಸಬೇಕು ಅಂತ ಹೊರಟೆ. ಎರಡು ಡಿಸ್ಕ್ ಕೊಳ್ಳಬೇಕು ಅನ್ನುವ ಬುದ್ಧಿ ಆಗಲೂ ಇತ್ತು. ಆದರೆ ಆ ವರ್ಷದ ಕೊನೆಗೆ ಥಾಯ್ಲೆಂಡಿನಲ್ಲಿ ದೊಡ್ಡ ನೆರೆ ಬಂದು ಹಾರ್ಡ್ ಡಿಸ್ಕ್ ಕಾರ್ಖಾನೆಗಳು ನೀರಲ್ಲಿ ಮುಳುಗಿದ್ದವು. ಜಗತ್ತಿನಲ್ಲೆಲ್ಲ ಬೆಲೆ ಏರಿತ್ತು. ಹಾಗಾಗಿ 1 ಟಿಬಿಯ ಒಂದೇ ಒಂದು ಪೋರ್ಟಬಲ್ ಡಿಸ್ಕ್ ಕೊಂಡೆ. ಎಲ್ಲಿಯದೋ ಮಳೆ ನಮ್ಮ ಜಗಲಿಗೆ ಬಂತು ನೋಡಿ.

ಅಜ್ಜನ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು. ಒಂದು ಸಲ ಓಡಿತು, ಎರಡನೇ ಸಲ ಹಾಕುವಾಗ ಟೇಪು ತುಂಡಾಯಿತು. ಹೇಗೂ ಡಿಸ್ಕಿನಲ್ಲಿ ಬಂತಲ್ಲ ಅಂತ ಎಸೆದೆವು. 2019ರಲ್ಲಿ ಆ ಡಿಸ್ಕು ಟಕ್ ಟಕ್ ಅಂತ ಸದ್ದು ಮಾಡಿ ನಿಂತಿತು. ಬೆಂಗಳೂರಿನಲ್ಲಿ ಡೇಟಾ ತೆಗೆಯುವವರೊಬ್ಬರು ಬಿಚ್ಚಿ ನೋಡಿ, ಹೆಡ್ಡು ತಟ್ಟೆಯನ್ನೇ ಗೀರಿಬಿಟ್ಟಿದೆ, ಏನೂ ಬರೋದಿಲ್ಲ ಅಂದರು. ಮಿಕ್ಕ ಕ್ಯಾಸೆಟ್ಟುಗಳೇನೋ ನಾಗಂದಿಗೆಯ ಮೇಲಿದ್ದವು, ಮತ್ತೆ ಇಳಿಸಬಹುದು. ಅಜ್ಜನದ್ದು ಮಾತ್ರ ಉಳಿದದ್ದು ಅಪ್ಪಯ್ಯನ ಮೊಬೈಲಿನ ಮೆಮೊರಿ ಕಾರ್ಡಿನಲ್ಲಿ. ಆ 2 ಜಿಬಿ ಕಾರ್ಡಿಗೆ ಹಿಡಿಸಲಿ ಅಂತ ನಾನೇ ಮಾಡಿಕೊಟ್ಟಿದ್ದ 64 ಕೆಬಿಪಿಎಸ್‌ನ ಎಂಪಿ3. ಅದೂ 'ಕ್ಲೀನ್' ಮಾಡಿದ್ದು.

ಈ ಕ್ಲೀನ್ ಮಾಡೋದು ಏನು ಅಂತ ಸ್ವಲ್ಪ ನಿಂತು ನೋಡಬೇಕು. ಯಾಕೆಂದರೆ ಹಳೆಯ ಆಟದ ರೆಕಾರ್ಡಿಂಗುಗಳನ್ನು ಇಂಟರ್ನೆಟ್ಟಿಗೆ ಹಾಕುವವರಲ್ಲಿ ಸುಮಾರು ಜನ ಮಾಡೋದು ಇದನ್ನೇ. ಅಡಾಸಿಟಿಯಂಥ ತಂತ್ರಾಂಶದಲ್ಲಿ ಯಾರೂ ಮಾತಾಡದ, ಹಾಡದ ಒಂದೆರಡು ಸೆಕೆಂಡಿನ ಜಾಗ ಹುಡುಕಿ "ಇದು ಗದ್ದಲ" ಅಂತ ತೋರಿಸಬೇಕು. ಅದು ಆ ಸದ್ದಿನ ಗುರುತು ಹಿಡಿದುಕೊಂಡು ಇಡೀ ರೆಕಾರ್ಡಿಂಗಿನಲ್ಲಿ ಅಂಥದ್ದನ್ನೆಲ್ಲ ತಗ್ಗಿಸುತ್ತದೆ. ಆಫೀಸಿನ ಮೀಟಿಂಗಿನ ಫ್ಯಾನ್ ಸದ್ದಿಗೆ ಒಳ್ಳೆಯ ಉಪಾಯ. ತಾಳಮದ್ದಳೆಯಲ್ಲಿ ಯಾರೂ ಮಾತಾಡದ ಜಾಗದಲ್ಲಿ ಏನಿರುತ್ತದೆ? ಶ್ರುತಿ ಇರುತ್ತದೆ! ಎಡೆಬಿಡದೆ, ಏರಿಳಿತವಿಲ್ಲದೆ ಇರುವುದೇ ಅದರ ಕೆಲಸ. ತಂತ್ರಾಂಶದ ಕಿವಿಗೆ ಅದಕ್ಕಿಂತ ಖಾತ್ರಿಯಾದ ಗದ್ದಲ ಇನ್ನೊಂದಿಲ್ಲ.

ಅಲ್ಲಿ ಇನ್ನೊಂದು ಸದ್ದೂ ಇತ್ತು. ಶ್ರಾವಣದ ರಾತ್ರಿ, ಹಂಚಿನ ಮಾಡಿನ ಮೇಲೆ ಮಳೆ. ನಾನು ತೆಗೆಯಲು ಹೊರಟಿದ್ದು ಆ ಮಳೆಯನ್ನೇ. ಮಳೆ ಹೋಯಿತು, ಅದರ ಜೊತೆ ಶ್ರುತಿಯೂ ಹೋಯಿತು. ನನ್ನ ಹೆಡ್‌ಫೋನಿನಲ್ಲಿ ಕೇಳಿದಾಗ ಅಜ್ಜನ ಮಾತು ಕನ್ನಡಿಯ ಹಾಗೆ ಸ್ಪಷ್ಟ. ಭಾರೀ ಕೆಲಸ ಮಾಡಿದೆ ಅಂದುಕೊಂಡೆ. ಅಪ್ಪಯ್ಯ ಮೊಬೈಲು ಕಿವಿಗೆ ಹಿಡಿದು ಐದು ನಿಮಿಷ ಕೇಳಿ ಅಂದದ್ದು ಇಷ್ಟು: "ತಮಾ, ಇದ್ರಲ್ಲಿ ಶ್ರುತಿನೇ ಇಲ್ಲೆ. ಮತ್ತೆ ಅಜ್ಜ ಎಂತಕ್ಕೆ ಇಷ್ಟು ಕೂಗ್ತಾ ಇದ್ದ?"

ಅಜ್ಜ ಕೂಗುತ್ತಿದ್ದದ್ದು ಮಳೆಗೆ. ಮೈಕಿಲ್ಲದ ಜಗಲಿ, ಮಾಡಿನ ಮೇಲೆ ಜಡಿಮಳೆ, ಎದುರಿಗೆ ಕಂಬಳಿ ಹೊದ್ದು ಕೂತ ಮೂವತ್ತು ಜನ. ಅಷ್ಟು ಜನಕ್ಕೆ ಕೇಳಿಸಲು ವಾಲಿ ಧ್ವನಿ ಏರಿಸಿದ್ದಾನೆ. ಬಾಣ ಬಿದ್ದ ಮೇಲೆ ರಾಮನನ್ನು ಪ್ರಶ್ನಿಸುವ ಜಾಗದಲ್ಲಿ ಮಳೆ ಸ್ವಲ್ಪ ಕಮ್ಮಿಯಾಗಿತ್ತಂತೆ, ಅಜ್ಜ ಅದನ್ನು ನೋಡಿಕೊಂಡೇ ದನಿ ಇಳಿಸಿದ್ದನಂತೆ. ಇದು ಅಪ್ಪಯ್ಯ ಹೇಳಿ ಗೊತ್ತು. ನನ್ನ ಕ್ಲೀನ್ ಫೈಲಿನಲ್ಲಿ ಕೇಳಿದರೆ ಮನುಷ್ಯ ಕಾರಣವಿಲ್ಲದೆ ಅರಚುತ್ತಾನೆ, ಕಾರಣವಿಲ್ಲದೆ ಮೆತ್ತಗಾಗುತ್ತಾನೆ. ಅರ್ಥಗಾರಿಕೆ ಗೊತ್ತಿಲ್ಲದವರು ಕೇಳಿದರೆ ಅತಿಯಾಯ್ತು ಅನ್ನಬಹುದು, ಅವರ ತಪ್ಪಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ನನ್ನ ತಲೆಮಾರಿನವರು ಬಹುಪಾಲು ಕೇಳಿದ್ದು ರೆಕಾರ್ಡಿಂಗಿನಲ್ಲೇ, ಅವರು 2006ರಲ್ಲೇ ಹೋದರು. ಕಾಳಿಂಗ ನಾವಡರು 1990ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ನನಗೆ ಎರಡು ವರ್ಷ. ನನ್ನ ಮಟ್ಟಿಗೆ ನಾವಡರು ಅಂದರೆ ಪೂರಾ ಕ್ಯಾಸೆಟ್ಟೇ. ಇವರ ಬಗ್ಗೆ ನಾವು ಹೇಳುವ ಅಭಿಪ್ರಾಯದಲ್ಲಿ ಎಷ್ಟು ಪಾಲು ಅವರ ಕಲೆಯದು, ಎಷ್ಟು ಪಾಲು ಯಾರೋ ಒತ್ತಿದ ಬಟನ್ನಿನದು ಅನ್ನೋದು ನನ್ನನ್ನು ಕಾಡುವ ಪ್ರಶ್ನೆ.

64 ಕೆಬಿಪಿಎಸ್ ಮಾಡಿದ ಅನ್ಯಾಯ ಬೇರೆ. ಎಂಪಿ3 ಸಣ್ಣದಾಗುವುದು ಕಿವಿಗೆ ಗೊತ್ತಾಗದು ಅನ್ನಿಸಿದ್ದನ್ನು ಬಿಸಾಡುತ್ತಾ. ಎಳೆದು ಹಾಡುವ ಧ್ವನಿಗೆ ಅದು ಪರವಾಗಿಲ್ಲ. ಸಟ್ಟನೆ ಬೀಳುವ ಪೆಟ್ಟಿಗೆ ಆಗೋದಿಲ್ಲ. ಪೆಟ್ಟು ಬೀಳುವುದಕ್ಕಿಂತ ಒಂದು ಕ್ಷಣ ಮುಂಚೆಯೇ 'ಸುಯ್' ಅಂತ ಅದರ ನೆರಳು ಕೇಳಿಸುತ್ತದೆ. ಎಂಜಿನಿಯರುಗಳು ಈ ದೋಷ ಹಿಡಿಯಲು ಸ್ಪೇನಿನ ಕ್ಯಾಸ್ಟನೆಟ್ ಅನ್ನುವ ಚಿಟಿಕೆಯಂಥ ವಾದ್ಯದ ಸದ್ದು ಬಳಸುತ್ತಾರೆ. ನಮ್ಮ ಚಂಡೆ ಅವರ ಕೈಗೆ ಸಿಕ್ಕಿದ್ದರೆ ಇನ್ನೂ ಬೇಗ ಪತ್ತೆಯಾಗುತ್ತಿತ್ತು. ಕಡಿಮೆ ದರದ ಎಂಪಿ3ಯಲ್ಲಿ ಚಂಡೆಯ ಉರುಳಿಕೆ ತಗಡಿನ ಮೇಲೆ ಮರಳು ಸುರಿದ ಹಾಗೆ ಕೇಳುತ್ತದೆ. ಮದ್ದಳೆಯ ಎಡದ ಗುಂ ಉಳಿಯುತ್ತದೆ, ಬಲದ ಬೆರಳು ಮಾಸಿಹೋಗುತ್ತದೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಡಿಸ್ಕಿನ ಗಾತ್ರ ಕೇಳುವ ಮುಂಚೆ ಏನನ್ನು, ಯಾವ ರೂಪದಲ್ಲಿ ಇಡುತ್ತೇವೆ ಅಂತ ತೀರ್ಮಾನ ಆಗಬೇಕು. ಆ ತೀರ್ಮಾನ ಕಂಪ್ಯೂಟರಿನದಲ್ಲ, ಆಟ ನೋಡುವವನದು. ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಏನೂ ಬಿಸಾಡದ, ಸಿಡಿ ದರ್ಜೆಯ ವೇವ್ ಫೈಲು ಸೆಕೆಂಡಿಗೆ 44,100 ಸಲ, ಎರಡು ಚಾನೆಲ್ಲು, ತಲಾ 2 ಬೈಟು. ಗಂಟೆಗೆ 635 ಎಂಬಿ. ನಮ್ಮಲ್ಲಿರುವ 210ರಲ್ಲಿ ಅರ್ಧ 60 ನಿಮಿಷದ್ದು, ಅರ್ಧ 90 ನಿಮಿಷದ್ದು. ಒಟ್ಟು ಸುಮಾರು 262 ಗಂಟೆ. ಅಂದರೆ 167 ಜಿಬಿ. (ನಮ್ಮ ಟೇಪ್ ರೆಕಾರ್ಡರ್ ಮೊನೊ, ಆ ಲೆಕ್ಕ ಹಿಡಿದರೆ ಅದರಲ್ಲೂ ಅರ್ಧ ಸಾಕು.) ಅಪ್ಪಯ್ಯ ಹದಿನೇಳು ವರ್ಷ ರಾತ್ರಿ ನಿದ್ದೆಗೆಟ್ಟು ಕೂಡಿಸಿದ್ದೆಲ್ಲ, ಒಂದಕ್ಷರ ಬಿಡದೆ, ಅಂಗಡಿಯಲ್ಲಿ ಸಿಗುವ ಅತಿ ಸಣ್ಣ ಡಿಸ್ಕಿನ ಒಂದು ಮೂಲೆಯಲ್ಲಿ ಕೂರುತ್ತದೆ. ಉಳಿತಾಯ ಮಾಡುತ್ತೇನೆ ಅಂತ 64 ಕೆಬಿಪಿಎಸ್‌ಗೆ ಹಿಂಡಿದ್ದು ಎಂಥಾ ಕುರಿತನ ಅಂತ ಆಗ ಗೊತ್ತಾಯಿತು.

ಇನ್ನೊಂದು ಲೆಕ್ಕ. ನನ್ನ ಸೋದರತ್ತೆಯ ಮಗ ಯಲ್ಲಾಪುರದ ಹತ್ತಿರ ಆದ ಒಂದು ಆಟವನ್ನು ಇಡೀ ರಾತ್ರಿ ಫೋನಿನಲ್ಲಿ 4ಕೆ ವಿಡಿಯೊ ಹಿಡಿದಿದ್ದ. ಸಾಮಾನ್ಯ ಎಚ್.264 ವಿಡಿಯೊ ಆದರೆ ನಿಮಿಷಕ್ಕೆ ಹೆಚ್ಚುಕಮ್ಮಿ 350 ಎಂಬಿ. 8 ಗಂಟೆಗೆ 168 ಜಿಬಿ. ಒಂದು ರಾತ್ರಿ ಬರೋಬ್ಬರಿ ಅಪ್ಪಯ್ಯನ 210 ಕ್ಯಾಸೆಟ್ಟಿಗೆ ಸಮ! ಅದನ್ನು ಹಾಕಿ ನೋಡಿದೆ. ವೇಷದ ಕಿರೀಟದ ಮಿಂಚು, ಮೂಗಿನ ತುದಿಯ ಬೆವರು ಎಲ್ಲ ಕಾಣುತ್ತದೆ. ಭಾಗವತರು ಚೌಕಟ್ಟಿನ ಹೊರಗೆ. ಸದ್ದು ಪೂರಾ ಲೌಡ್‌ಸ್ಪೀಕರಿನದು, ಚಂಡೆ ಬಂದಾಗಲೆಲ್ಲ ಫೋನು ತಾನಾಗಿ ದನಿ ತಗ್ಗಿಸಿ ಪದ್ಯವನ್ನು ನುಂಗುತ್ತದೆ. ಹಳೆಯ ಟೇಪ್ ರೆಕಾರ್ಡರಿಗೂ ಇದೇ ಕಾಯಿಲೆ ಇತ್ತು ಅನ್ನಿ. ಆದರೆ ಅಪ್ಪಯ್ಯ ಅದನ್ನು ಭಾಗವತರ ಕಾಲ ಬುಡದಲ್ಲಿ ಇಡುತ್ತಿದ್ದ, ನಾವು ಕೊನೇ ಸಾಲಿನ ಕುರ್ಚಿಯಲ್ಲಿ ಕೂತು ಹಿಡಿಯುತ್ತೇವೆ.

ಹಾಗಂತ ವಿಡಿಯೊ ಬೇಡ ಅನ್ನುವವನಲ್ಲ ನಾನು. ತಾಳಮದ್ದಳೆಗೆ ವೇಷವಿಲ್ಲ, ಕುಣಿತವಿಲ್ಲ. ಧ್ವನಿ ಸಿಕ್ಕರೆ ಮುಕ್ಕಾಲು ಮೂರು ವೀಸ ಸಿಕ್ಕಿದಂತೆ. ಚಿಟ್ಟಾಣಿಯವರ ಭಸ್ಮಾಸುರನನ್ನು ಆಡಿಯೊದಲ್ಲಿ ಕೇಳಿದರೆ ಏನು ಸಿಗುತ್ತದೆ? ಗೆಜ್ಜೆ ಸದ್ದು, ಜನರ ಸಿಳ್ಳೆ. ಜನ ಯಾಕೆ ಸಿಳ್ಳೆ ಹೊಡೆದರು ಅನ್ನೋದು ಅವರ ಕಣ್ಣಿನಲ್ಲಿ, ಕೈಯಲ್ಲಿ ಇತ್ತು. ಅವರೂ 2017ರಲ್ಲಿ ಹೋದರು. ಕೆರೆಮನೆ ಶಂಭು ಹೆಗಡೆಯವರದ್ದು ಮಧ್ಯದ ಕೇಸು. ಅವರ ಮಾತಿನ ನಡುವಿನ ಮೌನಕ್ಕೂ ಅರ್ಥವಿತ್ತು. ಬರೀ ಧ್ವನಿಯಲ್ಲಿ ಕೇಳಿದರೆ ಆ ಜಾಗದಲ್ಲಿ ಟೇಪಿನ ಸುಸ್ಸೆನ್ನುವ ಸದ್ದು ಮಾತ್ರ, ಕ್ಲೀನ್ ಮಾಡಿದರೆ ಅದೂ ಇಲ್ಲ, ಫೈಲು ಕೆಟ್ಟಿತೇನೋ ಅನ್ನುವ ಗುಮಾನಿ ಬರುತ್ತದೆ. ಇಂಥವರಿಗೆ ಟಿಬಿಗಟ್ಟಲೆ ಜಾಗ ಕೊಡಬೇಕು, ಕೊಡೋಣ. ಮನೆಯ ಹಳೆಯ ಮಿನಿ ಡಿವಿ ಟೇಪುಗಳಿದ್ದರೆ ಗಂಟೆಗೆ 13 ಜಿಬಿ ಹಿಡಿಯುತ್ತವೆ, ಅವನ್ನೂ ಹಿಂಡದೆ ಇಡೋಣ. ಸೋದರತ್ತೆಯ ಮಗನ 168 ಜಿಬಿಯಿಂದ ಒಳ್ಳೆಯ ಒಂದು ಗಂಟೆ ಆರಿಸಿ ಉಳಿದದ್ದನ್ನು ಅಳಿಸಿದರೆ ಯಕ್ಷಗಾನಕ್ಕೇನೂ ನಷ್ಟವಿಲ್ಲ. ಅವನಿಗೆ ಇದನ್ನು ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ, ಓದಿಕೊಳ್ಳಲಿ.

ಇನ್ನು ಡಿಸ್ಕಿಗೆ ಬರೋಣ. ವಿಡಿಯೊ ರಿವ್ಯೂ ಮಾಡುವವರೆಲ್ಲ ಸೆಕೆಂಡಿಗೆ ಎಷ್ಟು ಎಂಬಿ ಓಡುತ್ತದೆ ಅಂತ ಅಳೆಯುತ್ತಾರೆ. ಒಮ್ಮೆ ಬರೆದು ನಲವತ್ತು ವರ್ಷ ಕೇಳಬೇಕಾದವನಿಗೆ ಆ ಅಂಕಿ ಯಾತಕ್ಕೂ ಬೇಡ. ಡಬ್ಬಿಯ ಮೇಲೆ 4 ಟಿಬಿ ಅಂತಿರುತ್ತದೆ, ವಿಂಡೋಸಿಗೆ ಹಾಕಿದರೆ 3.63 ಅನ್ನುತ್ತದೆ. ಇದು ಮೋಸವಲ್ಲ, ಕಚ್ಚಾ ಸೇರು ಪಕ್ಕಾ ಸೇರಿನ ಲೆಕ್ಕ. ಕಂಪನಿ ಸಾವಿರದಿಂದ ಗುಣಿಸುತ್ತದೆ, ವಿಂಡೋಸು 1024ರಿಂದ. ನಿಜಕ್ಕೂ ಡಬ್ಬಿಯ ಮೇಲೆ ಬರೆಯಬೇಕಾದ್ದು ಬೇರೆ ಇದೆ. ಅದು ಎಸ್‌ಎಂಆರ್‌ ಡಿಸ್ಕೋ ಸಿಎಂಆರ್‌ ಡಿಸ್ಕೋ ಅನ್ನೋದು.

ಎಸ್‌ಎಂಆರ್ ಅಂದರೆ ನಮ್ಮ ಹಂಚಿನ ಮಾಡು. ಜಾಗ ಉಳಿಸಲು ಒಂದು ಸಾಲಿನ ಅಂಚಿನ ಮೇಲೆ ಇನ್ನೊಂದು ಸಾಲು ಬರುವ ಹಾಗೆ ಬರೆಯುತ್ತಾರೆ. ಹೊಸದಾಗಿ ಹೊದೆಸುವಾಗ ಏನೂ ತೊಂದರೆಯಿಲ್ಲ. ನಡುವಿನ ಒಂದು ಹಂಚು ಬದಲಿಸಬೇಕು ಅಂದರೆ ಅದರ ಮೇಲಿನ ಸಾಲುಗಳನ್ನೆಲ್ಲ ಎತ್ತಬೇಕು. ಮಳೆಗಾಲದ ಮುಂಚೆ ಹಂಚು ಕೈಯಾಡಿಸಿದವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ. ಸಿಎಂಆರ್‌ನಲ್ಲಿ ಸಾಲುಗಳು ಪಕ್ಕಪಕ್ಕ ಇರುತ್ತವೆ, ಬೇಕಾದ್ದನ್ನು ಮುಟ್ಟಬಹುದು. 2020ರ ಏಪ್ರಿಲಿನಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿ, ಮನೆಯ ಸರ್ವರುಗಳಿಗೆಂದೇ ಮಾರುತ್ತಿದ್ದ ತನ್ನ 'ರೆಡ್' ಡಿಸ್ಕುಗಳಲ್ಲಿ ಕೆಲವು ಎಸ್‌ಎಂಆರ್ ಅಂತ ಒಪ್ಪಿಕೊಂಡಿತು. ಜನ ಬೈದಮೇಲೆ ಸಿಎಂಆರ್ ಇರುವುದಕ್ಕೆ 'ರೆಡ್ ಪ್ಲಸ್' ಅಂತ ಬೇರೆ ಹೆಸರಿಟ್ಟಿತು. ನಾಲ್ಕಾರು ಡಿಸ್ಕು ಸೇರಿಸಿ ಸರ್ವರ್ ಕಟ್ಟುವವರು ಸಿಎಂಆರ್ ಅಂತ ಖಚಿತವಾಗದೆ ಕೊಳ್ಳಬಾರದು. ಕ್ಯಾಸೆಟ್ಟು ಇಳಿಸಿ ಒಮ್ಮೆ ಬರೆದಿಡುವ ನನ್ನಂಥವನಿಗೆ ಎಸ್‌ಎಂಆರ್ ಸಾಕು. ವಾಲಿ ವಧೆಯ ನಡುವೆ ಹಂಚು ಬದಲಿಸುವ ಕೆಲಸ ನನಗಿಲ್ಲ.

ಮಾರುವ ಗಾತ್ರಕ್ಕಿಂತ ಮುಖ್ಯವಾದದ್ದು ಡಿಸ್ಕು ಸಾಯುತ್ತದೆ ಅನ್ನುವ ವಿಷಯ. ಬ್ಯಾಕ್‌ಬ್ಲೇಜ್ ಅನ್ನುವ ಅಮೆರಿಕದ ಕಂಪನಿ ತನ್ನ ಡಿಸ್ಕುಗಳಲ್ಲಿ ಎಷ್ಟು ಸತ್ತವು ಅಂತ 2013ರಿಂದ ಲೆಕ್ಕ ಪ್ರಕಟಿಸುತ್ತಾ ಬಂದಿದೆ. ವರ್ಷಕ್ಕೆ ನೂರರಲ್ಲಿ ಹೆಚ್ಚುಕಮ್ಮಿ ಒಂದೆರಡು. ಅದು ಎಸಿ ಹಾಕಿದ ಕೋಣೆಯ ಲೆಕ್ಕ. ಜುಲೈ ತಿಂಗಳ ಸಿದ್ದಾಪುರದಲ್ಲಿ ಬೆಲ್ಟಿಗೂ ಬೂಷ್ಟು ಬರುತ್ತದೆ. ಸಾಮಾನ್ಯ ಡಿಸ್ಕಿಗೆ ಗಾಳಿಯಾಡಲು ಸಣ್ಣದೊಂದು ತೂತು ಇರುತ್ತದೆ, ದೊಡ್ಡ ಗಾತ್ರದ ಹೀಲಿಯಂ ತುಂಬಿದವಕ್ಕೆ ಮಾತ್ರ ಇರೋದಿಲ್ಲ. ಮೇಲಿಂದ ಸಿಡಿಲು, ಕರೆಂಟು ಹೋಗಿ ಬಂದು ಮಾಡುವ ಆಟ. ಮೂರೂವರೆ ಇಂಚಿನ ದೊಡ್ಡ ಡಿಸ್ಕಿಗೆ ಗೋಡೆಯಿಂದ ಪ್ರತ್ಯೇಕ ಕರೆಂಟು ಬೇಕು. ಎರಡೂವರೆ ಇಂಚಿನದ್ದು ಲ್ಯಾಪ್‌ಟಾಪಿನಿಂದಲೇ ನಡೆಯುತ್ತದೆ, ಸಿಡಿಲು ಬಂದರೆ ಪ್ಲಗ್ ಕಿತ್ತು ಬ್ಯಾಟರಿಯಲ್ಲಿ ಕೆಲಸ ಮುಗಿಸಬಹುದು. ಊರಿನ ಮನೆಗೆ ಅದೇ ಸರಿ. ವಾರಂಟಿ ಎರಡು ಮೂರು ವರ್ಷದ್ದು, ಕೊಡುವುದು ಹೊಸ ಡಿಸ್ಕು, ಅಜ್ಜನನ್ನಲ್ಲ.

ಆದ್ದರಿಂದ 8 ಟಿಬಿಯ ಒಂದಕ್ಕಿಂತ 2 ಟಿಬಿಯ ಮೂರು ಮೇಲು. ಅಡಿಕೆಗೆ ಬೋರ್ಡೋ ಹೊಡೆಯೋದು ಕೊಳೆ ಬಂದಮೇಲಲ್ಲ. ಕೊನೆಗೌಡನನ್ನು ಮಳೆಗೆ ಮುಂಚೆ ಹುಡುಕಿ ಮರ ಹತ್ತಿಸುತ್ತೇವೆ, ನಡುವೆ ಬಿಸಿಲು ಕಂಡರೆ ಇನ್ನೊಂದು ಸಲ ಹತ್ತಿಸುತ್ತೇವೆ. ಅಷ್ಟು ತಿಳಿದ ಮನೆಯಲ್ಲಿ ಹುಟ್ಟಿದ ನಾನು ಎಂಟು ವರ್ಷ ಒಂದೇ ಡಿಸ್ಕು ನಂಬಿ ಕೂತಿದ್ದೆ.

ಕೊನೆಗೆ ಮೂರು ಕೊಂಡೆ, ಎರಡು ಬೇರೆ ಬೇರೆ ಕಂಪನಿಯವು, ಒಂದೇ ದಿನ ಕೊಂಡಿದ್ದಲ್ಲ. ಒಂದು ಬೆಂಗಳೂರಿನಲ್ಲಿ, ಒಂದು ಊರಲ್ಲಿ, ಒಂದು ಯಲ್ಲಾಪುರದ ತಂಗಿಯ ಮನೆಯಲ್ಲಿ. ಊರಿನ ಇಂಟರ್ನೆಟ್ಟಿನಲ್ಲಿ ಸೆಕೆಂಡಿಗೆ 1 ಮೆಗಾಬಿಟ್ ಸಿಕ್ಕರೂ 167 ಜಿಬಿ ಕಳಿಸಲು ಹದಿನೈದು ದಿನಕ್ಕೂ ಮೇಲೆ ಬೇಕು. ಅದೇ 4 ಟಿಬಿ ಚೀಲದಲ್ಲಿ ಹಾಕಿಕೊಂಡು ರಾತ್ರಿ ಬಸ್ಸು ಹತ್ತಿದರೆ 9 ತಾಸಿಗೆ ಬೆಂಗಳೂರಿಂದ ಶಿರಸಿ. ಲೆಕ್ಕ ಹಾಕಿ ನೋಡಿ, ಸೆಕೆಂಡಿಗೆ ಸುಮಾರು 1 ಗಿಗಾಬಿಟ್ ಆಗುತ್ತದೆ. ಬಟ್ಟೆಯ ನಡುವೆ ಸುತ್ತಿ ಇಟ್ಟುಕೊಳ್ಳಿ, ಘಟ್ಟಿಯಾಗಿ ಕುಲುಕಿದರೆ ಡಿಸ್ಕಿಗಾಗದು. ಪ್ರತಿ ಫೈಲಿಗೂ ಒಂದು ಚೆಕ್‌ಸಮ್ ತೆಗೆದು ಬರೆದಿಟ್ಟಿದ್ದೇನೆ. ದೀಪಾವಳಿಗೆ ಹೋದಾಗ ಮತ್ತೆ ತೆಗೆದು ತಾಳೆ ನೋಡಿದರೆ ಒಂದು ಬಿಟ್ ಹಾಳಾಗಿದ್ದರೂ ತಿಳಿಯುತ್ತದೆ.

ಊರಿನ ಡಿಸ್ಕು ಎಲ್ಲಿಡೋದು ಅಂತ ಯೋಚಿಸುವಾಗ ಆಯಿ ಹಲಸಿನ ಹಪ್ಪಳದ ಸ್ಟೀಲ್ ಡಬ್ಬಿ ತಂದಿಟ್ಟಳು. "ಆರಿದ್ರೆ ಮಳೆಲೂ ಇದ್ರಲ್ಲಿ ಹಪ್ಪಳ ಮೆತ್ತಗೆ ಆಗ್ತಿಲ್ಲೆ, ನಿನ್ನ ಡಬ್ಬಿಗೆ ಎಂತ ಆಗ್ತು?" ಸಿಲಿಕಾ ಜೆಲ್ಲಿನ ನಾಲ್ಕು ಪೊಟ್ಟಣ ಹಾಕಿ ಮುಚ್ಚಿದ್ದೇನೆ. ನಾನು ಓದಿದ ಎಲ್ಲ ರಿವ್ಯೂಗಳಿಗಿಂತ ಇದು ಉಪಯೋಗಕ್ಕೆ ಬಂತು.

ಉಳಿದಿರುವ ಕೆಲಸಕ್ಕೆ ಯಾವ ಡಿಸ್ಕೂ ಸಹಾಯ ಮಾಡದು. 210ರಲ್ಲಿ ಅರ್ಧದಷ್ಟು ಕ್ಯಾಸೆಟ್ಟಿನ ಮೇಲೆ ಏನೂ ಬರೆದಿಲ್ಲ. ಬರೆದದ್ದೂ 'ಭಾನುವಾರ, ಒಳ್ಳೇದಾಗಿದ್ದು' ಅನ್ನುವ ಥರ. ಭಾಗವತರು ನೆಬ್ಬೂರರೋ ಬೇರೆಯವರೋ ಒಂದು ಪದ್ಯದಲ್ಲಿ ಹೇಳಬಲ್ಲವ ಅಪ್ಪಯ್ಯ ಒಬ್ಬನೇ, ಅವನಿಗೆ 74. ದಿನಕ್ಕೆ ಎರಡು ತಾಸು ಕೇಳಿದರೂ 131 ದಿನ. ಮಳೆಗಾಲ ಪೂರಾ ಕೂತು 61 ಮುಗಿಸಿದ್ದೇವೆ. ವೇವ್ ಫೈಲಿನ ಪಕ್ಕದಲ್ಲಿ ಒಂದೊಂದು ಟೆಕ್ಸ್ಟ್ ಫೈಲು: ಪ್ರಸಂಗ, ಜಾಗ, ಯಾರು ಯಾರು. ಅಪ್ಪಯ್ಯ ಹೇಳುತ್ತಾನೆ, ನಾನು ಟೈಪಿಸುತ್ತೇನೆ.

ಅಜ್ಜನ ಎಂಪಿ3ಯನ್ನೂ ಮೂರು ಡಿಸ್ಕಿಗೂ ಹಾಕಿದೆವು. ಅದರ ಪಕ್ಕದ ಫೈಲಿನಲ್ಲಿ ಪ್ರಸಂಗ, ಜಾಗ, ವಾಲಿ ಯಾರು, ರಾಮ ಯಾರು ಅಂತ ಬರೆಸಿದಮೇಲೆ ಅಪ್ಪಯ್ಯ ಸ್ವಲ್ಪ ತಡೆದು, ಇನ್ನೊಂದು ಸಾಲು ಸೇರಿಸು ಅಂದ. ಹೇಳಿದ ಹಾಗೇ ಹಾಕಿದೆ: "ಅವತ್ತು ಜೋರು ಮಳೆ ಇತ್ತು. ಶ್ರುತಿ ಇತ್ತು."